ಬರಿಗಾಲಲ್ಲಿ ಬಾರ್ಕೂರು

ಹಳೆಯ ಕಲ್ಲು ತೋರಿಸುತ್ತೇನೆಂದು ಜನರನ್ನು ಕರೆದುಕೊಂಡು ಹೋದ ದಿನ ಏನಾದರೊಂದು ಆಗದೆ ಇರುವುದಿಲ್ಲ. ನಾನು ನಿವೃತ್ತ ಇತಿಹಾಸ ಮಾಸ್ಟ್ರು. ಒಂದು ಕಾಲದಲ್ಲಿ ರಾಜಧಾನಿಯಾಗಿದ್ದ ಬಾರ್ಕೂರಿನ ಪಾಳು ಕೋಟೆಯನ್ನು ತಿಂಗಳಿಗೊಮ್ಮೆ ಜನರಿಗೆ ಸುತ್ತಿ ತೋರಿಸುತ್ತೇನೆ. ಆ ಭಾನುವಾರ ಮಾತ್ರ ಹೊರಡುವ ಮೊದಲೇ ತಲೆ ಎಣಿಸತೊಡಗಿದ್ದೆ. "ಬಂದವರೆಲ್ಲ ಅರ್ಧದಲ್ಲೇ ಹೋಟೆಲಿಗೆ ಓಡುತ್ತಾರೆ. ಈ ಸಲ ಇಪ್ಪತ್ತೈದು ಜನ ಕೊನೆಯವರೆಗೆ ನಿಲ್ಲದಿದ್ದರೆ ನಡಿಗೆ ಬಂದ್" ಎಂದು ಈ ನಡಿಗೆ ಏರ್ಪಡಿಸುವ ನಮ್ಮ ಸಂಘದ ಕಾರ್ಯದರ್ಶಿ ಹೇಳಿಬಿಟ್ಟಿದ್ದರು; ಎಣಿಸಲೆಂದೇ ತಾವೂ ಜೊತೆಗೆ ಬಂದಿದ್ದರು. ಹೊರಟಾಗ ಇದ್ದವರು ಹದಿನಾಲ್ಕು ಜನ.

೧. ಮೊದಲ ಕಲ್ಲು

ಕೋಟೆಯ ಮೊದಲ ಕಲ್ಲು ಕಂಡ ಕೂಡಲೇ ಉಡುಪಿಯ ಅಮ್ಮನೊಬ್ಬರು ಚಪ್ಪಲಿ ಬಿಚ್ಚಿ ಚೀಲಕ್ಕೆ ಹಾಕಿದರು.

"ಅಮ್ಮ, ಇದು ಬರೀ ಗೋಡೆ" ಎಂದೆ.

"ಯಾವ ಕಲ್ಲಿನಲ್ಲಿ ಎಂತ ಉಂಟೋ, ನಿಮಗೆ ಗೊತ್ತುಂಟಾ?"

ನನಗೂ ಗೊತ್ತಿರಲಿಲ್ಲ. ಅವರನ್ನು ನೋಡಿ ಎಲ್ಲರೂ ಬಿಚ್ಚಿದರು, ನಾನೂ ಬಿಚ್ಚಿದೆ. ದಾರಿಯ ನಾಚಿಕೆ ಮುಳ್ಳಿನ ಗಿಡ ತುಳಿಯುತ್ತ ಹೋಗಿ ಪಾಳು ಗುಡಿಯೊಂದನ್ನು ತಲುಪಿದರೆ, ಆ ಅಮ್ಮನ ಕಾಲಲ್ಲಿ ಚಪ್ಪಲಿ!

"ಇಲ್ಲಿ ಬಿಚ್ಚಬೇಕಲ್ವಾ ಅಮ್ಮ?"

"ನನ್ನ ಭಕ್ತಿ ಆ ಮುಳ್ಳಿನಲ್ಲೇ ಮುಗಿಯಿತು ಮಾಸ್ಟ್ರೇ."

೨. ಸವೆದ ಮೆಟ್ಟಿಲು

ಗಲ್ಫಿನಿಂದ ರಜೆಯಲ್ಲಿ ಬಂದಿದ್ದ ಕಾಪುವಿನವರೊಬ್ಬರು, "ನಾನು ಜೋರ್ಡಾನಿನಲ್ಲಿ ರೋಮನ್ನರ ಪಾಳುಪಟ್ಟಣವನ್ನೇ ನೋಡಿದ್ದೇನೆ. ಅಲ್ಲಿ ಕಂಬಗಳಾದರೂ ನಿಂತಿವೆ. ಇಲ್ಲಿ ಎಂತ ಉಂಟು?" ಎಂದು ದಾರಿಯುದ್ದಕ್ಕೂ ಗೊಣಗುತ್ತಿದ್ದರು. ನಾನು ಅವರ ಕೈಯನ್ನು ಒಂದು ಮೆಟ್ಟಿಲಿನ ಮೇಲೆ ಇಟ್ಟೆ. ಜನ ತುಳಿದು ತುಳಿದು ಅದರ ನಡುಭಾಗ ಗುಳಿ ಬಿದ್ದಿತ್ತು.

ಅವರು ಕೈ ತೆಗೆಯಲಿಲ್ಲ. "ಕಲ್ಲು ಇಷ್ಟು ಸವೆಯಬೇಕಾದರೆ ಎಷ್ಟು ಜನ ಹತ್ತಿ ಇಳಿದಿರಬೇಕು ಮಾರಾಯ್ರೆ!" ಎಂದರು. ನನಗೂ ಮೈ ಜುಮ್ಮೆಂದಿತು. ಎಷ್ಟು ಸಲ ನೋಡಿದರೂ ಆ ಮೆಟ್ಟಿಲಿನ ಮುಂದೆ ನನಗೆ ಹಾಗೆಯೇ ಆಗುತ್ತದೆ. ಅವರು ಸುತ್ತಲಿನ ಜಾಗದ ಮೇಲೆ ಕಣ್ಣಾಡಿಸಿದರು.

ಆಮೇಲೆ ಅವರು ಮೆಲ್ಲಗೆ ಕೇಳಿದರು: "ಈ ಜಾಗ ಒಟ್ಟು ಎಷ್ಟು ಸೆಂಟ್ಸ್ ಬರಬಹುದು?"

೩. ಸಾಲು

ಮುಂದೆ ಹೋದಂತೆ ಒಂದು ಆಶ್ಚರ್ಯ ಕಂಡೆ. ನಮ್ಮ ಸಾಲು ಬೆಳೆಯುತ್ತಿತ್ತು! ತೋಟದಿಂದ ಇಬ್ಬರು, ಬಸ್ ಸ್ಟ್ಯಾಂಡಿನಿಂದ ಒಂದು ಕುಟುಂಬ, ಮೀನು ಮಾರಿ ಬುಟ್ಟಿ ಖಾಲಿ ಮಾಡಿದ ಹೆಂಗಸರು. ಎಲ್ಲರೂ ಚಪ್ಪಲಿ ಬಿಟ್ಟು, ಭಯಭಕ್ತಿಯಿಂದ, ನಾನು ಹೇಳಿದ ಒಬ್ಬೊಬ್ಬ ರಾಜನ ಹೆಸರಿಗೂ ತಲೆಯಾಡಿಸುತ್ತ ಬಂದರು.

ಅರಮನೆಯ ಅಡಿಪಾಯ ತಲುಪಿದಾಗ ಗಂಟೆ ಹನ್ನೆರಡೂವರೆ. ಯಾರೂ ಹೇಳದೆಯೇ ಅವರೆಲ್ಲ ಕಲ್ಲಿನ ಸಾಲಿನುದ್ದಕ್ಕೂ ಎದುರುಬದುರಾಗಿ ಚಕ್ಕಳಮಕ್ಕಳ ಹಾಕಿ ಕುಳಿತರು. ಈ ಅರಮನೆಯಲ್ಲಿ ಜನ ಹೀಗೆ ಕುಳಿತು ಎಷ್ಟು ನೂರು ವರ್ಷವಾಯಿತೋ! ಮುಂದಿದ್ದ ಅಜ್ಜರೊಬ್ಬರು ಬಾಟಲಿಯ ನೀರನ್ನು ಎದುರಿನ ನೆಲಕ್ಕೆ ಚಿಮುಕಿಸಿ ಕೈಯಿಂದ ಒರೆಸಿದರು. ಅಳಿದುಹೋದ ರಾಜಧಾನಿಗೆ ತರ್ಪಣ ಬಿಡುತ್ತಿದ್ದಾರೆಂದುಕೊಂಡು ನಾನು ಕಣ್ಣೊರೆಸಿಕೊಂಡೆ.

ಅಜ್ಜ ತಲೆಯೆತ್ತಿ ಕೇಳಿದರು: "ಎಲೆ ಹಾಕ್ಲಿಕ್ಕೆ ಇನ್ನು ಎಷ್ಟು ಹೊತ್ತುಂಟು ಮಾಸ್ಟ್ರೇ?"

ಬರಿಗಾಲಿನ ಸಾಲು, ಮಧ್ಯಾಹ್ನದ ಹೊತ್ತು. ಎಲ್ಲಿಯೋ ಅನ್ನದಾನ ಉಂಟೆಂದು ಅವರೆಲ್ಲ ಸೇರಿಕೊಂಡಿದ್ದರು. ಊಟ ಇಲ್ಲವೆಂದು ತಲೆತಗ್ಗಿಸಿ ಹೇಳಿದೆ.

ಅಷ್ಟರಲ್ಲಿ ಕಾರ್ಯದರ್ಶಿ ತಲೆ ಎಣಿಸಿ ಮುಗಿಸಿದ್ದರು. "ಮೂವತ್ತೊಂದು ಜನ! ಒಬ್ಬರೂ ಎದ್ದು ಹೋಗಲಿಲ್ಲ. ನಡಿಗೆ ಮುಂದಿನ ತಿಂಗಳೂ ಉಂಟು ಮಾಸ್ಟ್ರೇ!"

ಅಜ್ಜ ಮೊಣಕಾಲು ಹಿಡಿದು ಎದ್ದರು. "ಹಾಗಾದ್ರೆ ಮುಂದಿನ ಸಲ ಪಾಯಸ ಮಾಡ್ಸಿ. ಇನ್ನೂ ಇಬ್ಬರು ರಾಜರು ಹೆಚ್ಚಾದ್ರೂ ಅಡ್ಡಿಯಿಲ್ಲ, ಕೇಳುವ."