ಹೊಳ್ಳರ ಪೆಟ್ಟಿಗೆಗೆ ಸಿಂಹಾಯ

ಹಲಸಿನಹಣ್ಣಿನ ಹಲ್ವ ಬಂದಿದ್ದ ಪ್ಲಾಸ್ಟಿಕ್ ಡಬ್ಬಿ ಬೆಳಿಗ್ಗೆ ಒಂಬತ್ತೂಕಾಲಿಗೆ ಸೊಟ್ಟಗಾಯಿತು. ಶ್ರೀರಾಮ ಹೊಳ್ಳರ ಅಂದಿನ ಗ್ರಹಚಾರ ಶುರುವಾದದ್ದು ಅಲ್ಲಿಂದ.

ಡಬ್ಬಿಯಲ್ಲಿ ಹಲ್ವ ಇರಲಿಲ್ಲ. ಅದು ಮೊನ್ನೆಯೇ ಮುಗಿದಿತ್ತು. ಈಗ ಅದರೊಳಗೆ ಅಂಗೈಯಗಲದ ಒಂದು ಕಂಪ್ಯೂಟರ್ ಬೋರ್ಡೂ ಅದಕ್ಕೆ ವೈರಿನಿಂದ ಸಿಕ್ಕಿಸಿದ, ಇಟ್ಟಿಗೆಯಂಥ ಎರಡು ಹಾರ್ಡ್ ಡಿಸ್ಕೂ ಇದ್ದವು. ಸಾಸ್ತಾನದ ಹೆದ್ದಾರಿ ಬದಿಯ ಸ್ಟುಡಿಯೋದಲ್ಲಿ ಕೂತು ಹೊಳ್ಳರು ಹದಿನೆಂಟು ವರ್ಷ ತೆಗೆದ ಮದುವೆ, ಮುಂಜಿ, ಸೀಮಂತಗಳ ವಿಡಿಯೋ ಅಷ್ಟೂ ಆ ಡಿಸ್ಕುಗಳಲ್ಲಿತ್ತು. ದೊಡ್ಡ ಕಂಪ್ಯೂಟರ್ ಕರೆಂಟು ತಿನ್ನುತ್ತದೆಂದು ಈ ಚಿಕ್ಕದನ್ನು ತರಿಸಿದ್ದರು. ಬೋರ್ಡಿಗೆ ದುಡ್ಡು ಕೊಟ್ಟವರು ಅದರ ಕವಚಕ್ಕೆ ಕೊಡಲಿಲ್ಲ. ಮನೆಯಲ್ಲಿ ಹಲ್ವದ ಡಬ್ಬಿ ಇರುವಾಗ ಕವಚ ಕೊಳ್ಳುವವನು ಮೂರ್ಖ ಎಂಬುದು ಅವರ ಅಭಿಪ್ರಾಯ. ಗಾಳಿಯಾಡದ ಡಬ್ಬಿಯಲ್ಲಿ ಡಿಸ್ಕುಗಳು ಹತ್ತು ನಿಮಿಷ ತಿರುಗಿದರೆ ಕಾದ ಕಾವಲಿಯಾಗುತ್ತಿದ್ದವು. ಆಮೇಲೆ ಕೆಸರಿನಲ್ಲಿ ಮಲಗಿದ ಎಮ್ಮೆಯ ಹಾಗೆ ನಿಂತೇಬಿಡುತ್ತಿದ್ದವು.

ಬೇರೆ ದಿನವಾದರೆ ಅವು ನಿಂತರೆ ನಿಲ್ಲಲಿ ಎನ್ನಬಹುದಿತ್ತು. ಆದರೆ ಅಂದು ಸಂಜೆ ನಾಲ್ಕಕ್ಕೆ ಕಟ್ಟಡದ ಮಾಲೀಕ ಶೇಖರ ಶೆಟ್ಟರಿಗೆ ಅವರ ಮಗಳು ಪ್ರಣೀತಾಳ ಮದುವೆ ವಿಡಿಯೋ ಕೊಡಲೇಬೇಕಿತ್ತು. ಎಂಟು ವರ್ಷದ ಹಿಂದಿನ ಮದುವೆ. ಶೆಟ್ಟರ ಮನೆಯಲ್ಲಿದ್ದ ಸೀಡಿಗಳಿಗೆ ಬೂಸ್ಟು ಹಿಡಿದಿತ್ತು. ಕಳೆದ ವಾರ ಅಳಿಯನ ಸೋದರತ್ತೆಯೊಬ್ಬರು ಹತ್ತು ಜನರ ಮುಂದೆ, ಆ ಮದುವೆಯಲ್ಲಿ ತಮ್ಮ ಪಂಕ್ತಿಗೆ ಹೋಳಿಗೆಯೇ ಬರಲಿಲ್ಲ ಎಂದುಬಿಟ್ಟಿದ್ದರು. ಅಂದಿನಿಂದ ಶೆಟ್ಟರ ಹೆಂಡತಿ ಪ್ರಫುಲ್ಲಾ ಸರಿಯಾಗಿ ಉಂಡಿರಲಿಲ್ಲ, ಶೆಟ್ಟರಿಗೂ ಸರಿಯಾಗಿ ಬಡಿಸಿರಲಿಲ್ಲ. ಅದೇ ಅತ್ತೆ ಇಂದು ನಾಲ್ಕಕ್ಕೆ ಅಳಿಯನ ಜತೆ ಶೆಟ್ಟರ ಮನೆಗೆ ಬರುವವರಿದ್ದರು.

ಶೆಟ್ಟರ ಮನೆ ಅದೇ ಕಟ್ಟಡದ ಮಹಡಿಯಲ್ಲಿ. ಅವರು ಲುಂಗಿ ಎತ್ತಿ ಕಟ್ಟಿಕೊಂಡು ಇಳಿದುಬಂದು ವಿಷಯ ಬಿಡಿಸಿ ಹೇಳಿದರು.

"ಹೊಳ್ರೆ, ನಿಮ್ಮ ಅಗ್ರಿಮೆಂಟ್ ಈ ತಿಂಗ್ಳಿಗೆ ಮುಗಿತ್ತ್. ಆ ಹೋಳ್ಗಿ ಬಡ್ಸುದ್ ಟೀವಿಯಗೆ ಕಂಡ್ರೆ ಇನ್ನೈದ್ ವರ್ಷ ನೀವೇ ಇಪ್ಪುದ್. ಕಾಣ್ದಿದ್ರೆ ರೂಮ್ ಮೊಬೈಲ್ ಅಂಗ್ಡಿಯವಂಗೆ. ನನ್ನ ಕೈಯಗೆ ಎಂತದೂ ಇಲ್ಲೆ. ಪ್ರಫುಲ್ಲಾ ಹೇಳಿದ್ದ್."

ವಿಡಿಯೋ ಹೊರತೆಗೆಯಲು ನಲವತ್ತು ನಿಮಿಷ ಬೇಕು. ಡಿಸ್ಕು ನಡೆಯುವುದು ಹತ್ತು ನಿಮಿಷ. ಮುಚ್ಚಳ ತೆಗೆದು ಟೇಬಲ್ ಫ್ಯಾನ್ ಹಚ್ಚಿದರೆ ಸಡಿಲ ವೈರುಗಳು ಅಲ್ಲಾಡಿ ಡಿಸ್ಕು ಮತ್ತೆ ಮಾಯ. ಎಲ್ಲವನ್ನೂ ಬಿಗಿಯಾಗಿ ಹಿಡಿದು ಬಿಸಿಯನ್ನೂ ಎಳೆದುಕೊಳ್ಳುವ ಲೋಹದ ಪೆಟ್ಟಿಗೆ ಬೇಕೆಂದು ಮೊಬೈಲಿನಲ್ಲಿ ಓದಿದರು. ತರಿಸಿದರೆ ಬರುವುದು ಮುಂದಿನ ಮಂಗಳವಾರ.

ಪಕ್ಕದ ಹೋಟೆಲಿನ ಕಿಟ್ಟನೂ ಆಚೆ ಬದಿಯ ಟೈಲರ್ ಅಮ್ಮಣ್ಣಿಯೂ ಕರೆಯದೆಯೇ ಬಂದರು. ಆ ಕಟ್ಟಡದಲ್ಲಿ ಒಬ್ಬರು ಸೀನಿದರೆ ಇನ್ನಿಬ್ಬರು ಕಷಾಯ ತರುವವರು.

"ಲೋಹದ ಪೆಟ್ಟಿಗೆಯಾ? ನನ್ನ ಹತ್ರ ಇತ್ತಲೆ," ಎಂದ ಕಿಟ್ಟ. "ಇಡ್ಲಿ ಬೇಯ್ಸು ಅಟ್ಟ. ಅಲ್ಯೂಮಿನಿಯಂದ್. ತಟ್ಟೆಗೆ ತೂತೂ ಇತ್ತ್, ಹಬೆ ಮೇಲ್ ಹೋಪುಕೆ. ಬೆಳಿಗ್ಗೆಯ ಇಡ್ಲಿ ಮುಗ್ದ್ ಆಯ್ತ್, ಇನ್ನ್ ನಾಳೆಗೇ ಬೇಕಾಪ್ದ್."

"ಅದ್ರಗೆ ಸಾಂಬಾರ್ ವಾಸ್ನಿ ಬತ್ತ್," ಎಂದಳು ಅಮ್ಮಣ್ಣಿ. "ನಮ್ಮನಿ ಟ್ರಂಕ್ ತಕಣಿ. ನನ್ನ ಸೀರಿ ತೆಗ್ದ್ ಕೊಡ್ತೆ."

"ಟ್ರಂಕಗೆ ಗಾಳಿ ಎಲ್ಲಿತ್ತ್?"

"ನಿನ್ನ ಹೋಟ್ಲಗೆ ಎಲ್ಲಿತ್ತ್?"

ಹೊಳ್ಳರು ಅಟ್ಟವನ್ನೇ ಆರಿಸಿದರು. ಅವಸರದವನಿಗೆ ಬುದ್ಧಿ ಇರುವುದಿಲ್ಲ. ಇದ್ದರೆ ತಳದ ಪಾತ್ರೆಗೊಮ್ಮೆ ಕೈ ಹಾಕಿ ನೋಡುತ್ತಿದ್ದರು. ತಟ್ಟೆಯ ಮೇಲೆ ಡಿಸ್ಕು, ಅದರ ಮೇಲಿನ ತಟ್ಟೆಯಲ್ಲಿ ಬಟ್ಟೆ ಹಾಸಿ ಬೋರ್ಡು ಇಟ್ಟು, ಉದ್ದ ವೈರಿನ ಅಡಾಪ್ಟರನ್ನು ತಳಕ್ಕೆ ಇಳಿಬಿಟ್ಟು ಸ್ವಿಚ್ ಒತ್ತಿದರು. ತಳದಲ್ಲಿ ಬೆಳಿಗ್ಗೆಯ ನೀರು ನಾಲ್ಕು ಬೆರಳು ಉಳಿದಿತ್ತು.

ಢಂ ಎಂದು ಇಡೀ ಕಟ್ಟಡದ ಕರೆಂಟು ಹೋಯಿತು. ಅಮ್ಮಣ್ಣಿಯ ಮೋಟಾರ್ ಮೆಷಿನ್ ಅರ್ಧ ತೋಳಿನಲ್ಲಿ ನಿಂತಿತು. ಕಿಟ್ಟನ ಗ್ರೈಂಡರ್ ಅರೆಬರೆ ಹಿಟ್ಟಿನಲ್ಲಿ ನಿಂತಿತು. ಮಹಡಿಯಲ್ಲಿ ಬೀಗರ ಪಾಯಸಕ್ಕೆ ಕಾಯಿ ರುಬ್ಬುತ್ತಿದ್ದ ಪ್ರಫುಲ್ಲಾರ ಮಿಕ್ಸಿ ನಿಂತಿತು.

"ಯಾರ್ ಅದ್?" ಎಂದು ಮೇಲಿನಿಂದ ಕೇಳಿತು.

"ಹೊಳ್ರ್ ಡಿಸ್ಕ್ ಬೇಯ್ಸ್ತಿದ್ರ್," ಎಂದು ಅಮ್ಮಣ್ಣಿ ಕೆಳಗಿನಿಂದ ಉತ್ತರ ಕೊಟ್ಟಳು. ಸುಮ್ಮನಿರುವುದು ಅವಳಿಂದಾಗದ ಕೆಲಸ.

ಡಿಸ್ಕಿಗೆ ನೀರು ತಾಗಿರಲಿಲ್ಲ. ಸತ್ತದ್ದು ಅಡಾಪ್ಟರ್ ಮಾತ್ರ. ಇನ್ನೊಂದು ಇತ್ತು. ಹೊಳ್ಳರು ಎಲ್ಲವನ್ನೂ ಬಟ್ಟೆಯ ಚೀಲಕ್ಕೆ ತುಂಬಿ, ಯಾರ ಮುಖವನ್ನೂ ನೋಡದೆ, ಕೋಟೇಶ್ವರದ ಬಸ್ಸು ಹತ್ತಿದರು.

ಕೋಟೇಶ್ವರದಲ್ಲಿ ರತ್ನಾಕರ ಆಚಾರ್ರು ಗುಡಿಯ ಬಾಗಿಲಿಗೆ ತಾಮ್ರ, ಹಿತ್ತಾಳೆ ತಗಡು ಹೊದಿಸುವವರು. ಕೈ ಚೊಕ್ಕ. ನಾಲಿಗೆ ನಿಧಾನ. ಕನ್ನಡಕವನ್ನು ಹಣೆಗೇರಿಸಿ ಡಿಸ್ಕನ್ನು ತೂಗಿ ನೋಡಿದರು.

"ಒಂದ್ ಪೆಟ್ಟಿಗೆ ಆಯ್ಕಿತ್ತ್," ಎಂದರು ಹೊಳ್ಳರು. "ಒಂಬತ್ತಿಂಚ್ ಉದ್ದ, ಆರಿಂಚ್ ಅಗಲ. ಮಧ್ಯಾಹ್ನ ಎರಡೂವರೆಯೊಳಗೆ."

"ಒಳಗೆ ಇಪ್ಪುದ್ ಯಾರ್?"

"ಯಾರೂ ಅಲ್ಲ. ಈ ಡಿಸ್ಕ್."

"ಇದ್ ತಿರ್ಗುತ್ತಾ?"

"ತಿರ್ಗುತ್ತ್."

"ಬೆಚ್ಚ ಆತ್ತಾ?"

"ಅದೇ ಮಾರಾಯ್ರೆ ತೊಂದ್ರಿ."

"ಹಾಂಗಾರೆ ಜೀವ ಇತ್ತ್. ಜೀವ ಇಪ್ಪುದ್ರ ಮನಿಗೆ ಆಯ ಕಾಣ್ದೆ ನಾನ್ ಕತ್ರಿ ಹಾಕುದಿಲ್ಲೆ."

ನಮ್ಮ ಕಡೆ ಮನೆ, ಬಾವಿ, ಬಾಗಿಲು ಎಲ್ಲಕ್ಕೂ ಆಯ ನೋಡುವುದುಂಟು. ಸುತ್ತಳತೆಯನ್ನು ಮೂರರಿಂದ ಗುಣಿಸಿ ಎಂಟರಿಂದ ಭಾಗಿಸುವುದು. ಒಂದು ಉಳಿದರೆ ಧ್ವಜ, ಮೂರು ಉಳಿದರೆ ಸಿಂಹ. ಹೀಗೆ ಬೆಸ ಉಳಿದರೆ ಒಳ್ಳೆಯದು. ಸಮ ಉಳಿದರೆ ಹೊಗೆ, ನಾಯಿ, ಕತ್ತೆ, ಕಾಗೆ. ಕಂಪ್ಯೂಟರಿಗೆ ಆಯ ನೋಡಿದವರು ಅಲ್ಲಿಯವರೆಗೆ ಯಾರೂ ಇರಲಿಲ್ಲ.

ಆಚಾರ್ರು ಸುಣ್ಣದ ಕಡ್ಡಿಯಿಂದ ನೆಲದ ಮೇಲೆ ಬರೆದರು. "ಒಂಬತ್ತ್, ಆರ್. ಸುತ್ತ್ ಮೂವತ್ತ್. ಮೂರ್ಲಿ ತೊಂಬತ್ತ್. ಎಂಟರಗೆ ಹೋರೆ ಉಳಿತ್ ಎರಡ್. ಧೂಮಾಯ. ಹೊಗೆ. ನಿಮ್ಗೆ ಬೆಚ್ಚ ಆಪ್ದ್ ಎಂತಕ್ಕೆ ಅಂದ್ ಗೊತ್ತಾಯ್ತಾ?"

"ಹಾಂಗಾರೆ ಹತ್ತ್, ಏಳ್ ಮಾಡಿ."

"ಸುತ್ತ್ ಮೂವತ್ನಾಕ್. ಮೂರ್ಲಿ ನೂರಾ ಎರಡ್. ಉಳಿತ್ ಆರ್." ಆಚಾರ್ರು ಕಡ್ಡಿ ಕೆಳಗಿಟ್ಟರು. "ಕತ್ತೆ."

"ಯಾರ್?"

"ಪೆಟ್ಟಿಗೆ."

ಹೊಳ್ಳರಿಗೆ ಕೈಯಲ್ಲಿದ್ದ ಡಿಸ್ಕನ್ನು ಎತ್ತಿ ಬಡಿಯುವಷ್ಟು ಸಿಟ್ಟು ಬಂತು. ಬಡಿದರೆ ಹೋಳಿಗೆ ಹೋಗುತ್ತದೆ. ಅಳತೆ ಬದಲಿಸುತ್ತ ಹೋದರು. ಕೊನೆಗೆ ಹತ್ತಕ್ಕೆ ಆರೂವರೆ ಸಿಂಹವಾಯಿತು.

"ಅಲ್ಯೂಮಿನಿಯಂ ಸಾಕ್," ಎಂದರು ಹೊಳ್ಳರು.

"ಅದ್ ಅನ್ನ ಬೇಯ್ಸುಕೆ. ಕಬ್ಬಿಣ ನಮ್ಮ ಉಪ್ಪುಗಾಳಿಗೆ ಒಂದ್ ಮಳೆಗಾಲ ತಡುದಿಲ್ಲೆ. ಸ್ಟೀಲ್ ಬೆಚ್ಚ ಬಿಡುದಿಲ್ಲೆ, ಜಿಪುಣ. ತಾಮ್ರ ಹಾಕುವ. ಬೆಚ್ಚ ಕುಡುದ್ರಗೆ ತಾಮ್ರದಂತ ಕುಡ್ಕ ಬೇರೆ ಇಲ್ಲೆ."

ಗುಡಿಯೊಂದರ ಹೊಸಿಲಿಗೆ ಹೊದಿಸಿ ಉಳಿದ ತಗಡು ಮೂಲೆಯಲ್ಲಿತ್ತು. ಕತ್ತರಿ ಆಡಿತು, ಸುತ್ತಿಗೆ ಆಡಿತು. ಬೋರ್ಡಿನ ಬೆನ್ನು ತಾಮ್ರಕ್ಕೆ ತಾಗಬಾರದೆಂದಾಗ ಆಚಾರ್ರು ಹಲಸಿನ ಮರದ ನಾಲ್ಕು ಪುಟ್ಟ ಕಾಲು ಕೂರಿಸಿದರು. ವೈರು ಹೋಗಲು ಮೂರು ತೂತು ಕೇಳಿದರೆ ನಾಲ್ಕು ಕೊರೆದರು. ಬಾಗಿಲು ಬೆಸಸಂಖ್ಯೆಯಲ್ಲಿ ಇಡಬಾರದಂತೆ.

"ನಾಕ್ನೇದ್ರಗೆ ಎಂತ ಹಾಕುದ್?"

"ಎಂತದೂ ಹಾಕುದ್ ಬ್ಯಾಡ. ಗಾಳಿ ಬಂದ್ ಹೋತ್ತ್. ಮನಿ ಅಂದ್ರ್ ಮೇಲೆ ನಾಲ್ಕ್ ಜನ ಬಪ್ಪುದ್ ಬ್ಯಾಡ್ದಾ?"

ಅಷ್ಟರಲ್ಲಿ ಶೆಟ್ಟರ ಫೋನು ಬಂತು. "ಹೊಳ್ರೆ, ನೀವ್ ಸಾಮಾನ್ ಕಟ್ಕಂಡ್ ಓಡಿ ಹೋರ್ರಿ ಅಂದ್ ಅಮ್ಮಣ್ಣಿ ಹೇಳ್ತ್. ಹೌದಾ? ಮೊಬೈಲ್ ಅಂಗ್ಡಿಯವ ಬಂದ್ ನಿಮ್ಮ ಗ್ವಾಡಿಗೆ ಎಂತ ಬಣ್ಣ ಹೊಡುದ್ ಅಂದ್ ಕೇಳ್ತಿದ್ದ."

"ಬತ್ತೆ ಶೆಟ್ರೆ, ಹೊರ್ಟೆ. ಹೋಳ್ಗಿ ನನ್ನ ಕೈಯಗೇ ಇತ್ತ್."

ಪೆಟ್ಟಿಗೆ ಮುಗಿದಾಗ ಎರಡೂವರೆ. ನಿಜ ಹೇಳಬೇಕೆಂದರೆ ಚಂದವಿತ್ತು. ಡಿಸ್ಕುಗಳು ಅದರೊಳಗೆ ತೊಟ್ಟಿಲಲ್ಲಿ ಮಲಗಿದ ಅವಳಿ ಮಕ್ಕಳಂತೆ ಕೂತವು. ಹೊಳ್ಳರು ದುಡ್ಡು ಕೊಟ್ಟು ತಿರುಗಿ ನೋಡಿದರೆ ಆಚಾರ್ರು ಅಂಗಿ ಹಾಕಿಕೊಂಡು, ಅಳತೆಕೋಲು ಕಂಕುಳಲ್ಲಿ ಸಿಕ್ಕಿಸಿಕೊಂಡು ನಿಂತಿದ್ದರು.

"ನೀವ್ ಎಲ್ಲಿಗೆ?"

"ಸಿಂಹವ ಮಾಡಿ ಕೊಟ್ಟ್ರೆ ಆಯ್ತಾ? ಅದ್ ಕೂಕಂಬ ಕೋಣೆ ಹ್ಯಾಂಗಿತ್ತ್ ಕಾಣ್ಕಲೆ. ಕತ್ತೆ ಕೋಣೆಯಗೆ ಸಿಂಹ ಇಟ್ಟ್ರೆ ನನ್ನ ಹೆಸ್ರ್ ಹಾಳಾತ್ತ್. ಬಸ್ಸಿನ್ ದುಡ್ಡ್ ನಾನೇ ಕೊಡ್ತೆ."

ಬೇಡವೆಂದರೂ ಕೇಳಲಿಲ್ಲ. ಹೊಳ್ಳರ ಕಣ್ಣು ಬಸ್ಸಿನಲ್ಲಿ ಆ ಅಳತೆಕೋಲನ್ನು ಬಿಡಲಿಲ್ಲ. ಕೋಣೆ ಕತ್ತೆಯಾದರೆ? ಶೆಟ್ಟರು ಇಂಥದ್ದನ್ನೆಲ್ಲ ನಂಬುವ ಜನ. ಕತ್ತೆ ಎಂದು ಒಮ್ಮೆ ಅವರ ಕಿವಿಗೆ ಬಿದ್ದರೆ ಅಗ್ರಿಮೆಂಟು ಬಿಡಿ, ಗೋಡೆಯನ್ನೇ ಒಡೆಸಿಯಾರು.

ಮೂರೂಹತ್ತಕ್ಕೆ ಸ್ಟುಡಿಯೋ ಸೇರಿದಾಗ ಕಿಟ್ಟ ಫ್ಯೂಸು ಹಾಕಿ ಕರೆಂಟು ತಂದಾಗಿತ್ತು. ಸ್ವಿಚ್ ಒತ್ತಿದರು. ಹತ್ತು ನಿಮಿಷವಾಯಿತು. ಇಪ್ಪತ್ತಾಯಿತು. ಕಿಟ್ಟ, ಅಮ್ಮಣ್ಣಿ ಬಾಗಿಲಲ್ಲೇ ನಿಂತಿದ್ದರು. ಹೊಳ್ಳರು ಪೆಟ್ಟಿಗೆಯ ಬೆನ್ನು ಮುಟ್ಟಿ ನೋಡಿದರು. ಹಸುಗೂಸಿನ ಹಣೆಯಷ್ಟು ಬೆಚ್ಚಗೆ, ಅಷ್ಟೆ. ಮೂರೂ ಐವತ್ತಕ್ಕೆ ವಿಡಿಯೋ ಪೂರ್ತಿ ಪೆನ್‌ಡ್ರೈವಿಗೆ ಇಳಿಯಿತು. ಹೊಳ್ಳರು ಎರಡೆರಡು ಮೆಟ್ಟಿಲು ಹಾರಿ ಮಹಡಿಗೆ ಹೋದರು.

ಬೀಗರು ಸೋಫಾದಲ್ಲಿ ಕೂತಾಗಿತ್ತು. ಪ್ರಫುಲ್ಲಾ ಟೀವಿಗೆ ಪೆನ್‌ಡ್ರೈವ್ ಸಿಕ್ಕಿಸಿ ರಿಮೋಟನ್ನು ಕತ್ತಿಯ ಹಾಗೆ ಹಿಡಿದರು. ಊಟದ ಪಂಕ್ತಿ ಬಂತು. ಹೋಳಿಗೆ ಬಂತು. ಸೋದರತ್ತೆಯ ಎಲೆಗೆ ಒಂದು ಬಿತ್ತು, ಎರಡು ಬಿತ್ತು. ಮೂರನೆಯದನ್ನು ಅವರು ಕೇಳಿ ಹಾಕಿಸಿಕೊಂಡರು. ಆಚೆ ಈಚೆ ನೋಡಿ ಕರ್ಚೀಫಿನಲ್ಲಿ ಸುತ್ತಿ ಬ್ಯಾಗಿಗೆ ಇಳಿಸಿದರು. ಹೊಳ್ಳರ ಕ್ಯಾಮೆರಾ ಅದನ್ನು ಹತ್ತಿರದಿಂದ, ಬಹಳ ಚೊಕ್ಕವಾಗಿ ತೆಗೆದಿತ್ತು.

"ಅಕ್ಕಾ, ಇದ್ ಎಂತ ಸುತ್ತುದ್ ನೀವ್?" ಎಂದು ಪ್ರಫುಲ್ಲಾ ಬಹಳ ಮೆತ್ತಗೆ ಕೇಳಿದರು.

ಅತ್ತೆ ಪಾಯಸದ ಲೋಟ ಕೆಳಗಿಟ್ಟು ಎದ್ದರು. ಅಳಿಯ ಕೀರ್ತನನೂ ಎದ್ದ. ಮೂಗು ಕೆಂಪಾಗಿತ್ತು. "ಮನಿಗೆ ಕರ್ದ್ ಮರ್ಯಾದಿ ತೆಗಿತ್ರಿ ಅಂದ್ ಗೊತ್ತಿದ್ರೆ ನಾವ್ ಬತ್ತಿರ್ಲಿಲ್ಲೆ," ಎಂದು ಇಬ್ಬರೂ ಮೆಟ್ಟಿಲಿಳಿದರು. ಶೆಟ್ಟರು ಹಿಂದಿನಿಂದ ಓಡಿದರು. ಪ್ರಫುಲ್ಲಾ ಗೆದ್ದ ಮುಖದಲ್ಲೇ ಓಡಿದರು. ಹೊಳ್ಳರೂ ಓಡಿದರು, ಅಗ್ರಿಮೆಂಟಿನ ಮಾತು ಮುಗಿಸಬೇಕಿತ್ತಲ್ಲ.

ಕೆಳಗೆ ಆಚಾರ್ರು ಎಲ್ಲ ಕೋಣೆಗಳ ಬಾಗಿಲನ್ನೂ ಅಳೆದು ಮುಗಿಸಿ, ಸ್ಟುಡಿಯೋ ಬಾಗಿಲ ಎದುರು ಬೆರಳು ಮಡಚುತ್ತಿದ್ದರು. ಎಲ್ಲರೂ ನಿಂತರು. ಅತ್ತೆಯೂ ನಿಂತರು. ಆಯ ಎಂದರೆ ಕೋಪಕ್ಕಿಂತ ದೊಡ್ಡದು.

"ಎಂತ ಆಚಾರ್ರೆ?" ಎಂದರು ಶೆಟ್ಟರು.

"ಕಿಟ್ಟನದ್ದ್ ಹೊಗೆ. ಹೋಟ್ಲಿಗೆ ಅಡ್ಡಿಲ್ಲೆ. ಅಮ್ಮಣ್ಣಿದ್ ನಾಯಿ."

"ನಂಗೆ ಗೊತ್ತಿತ್ತ್," ಎಂದ ಕಿಟ್ಟ.

"ಹೊಳ್ರದ್ದ್?" ಶೆಟ್ಟರ ದನಿ ಗಂಭೀರವಾಯಿತು. ಹೊಳ್ಳರು ಕಣ್ಣು ಮುಚ್ಚಿಕೊಂಡರು.

"ಧ್ವಜಾಯ," ಎಂದರು ಆಚಾರ್ರು. "ಮೊದಲ್ನೇದ್. ಇದ್ಕಿಂತ ಮೇಲೆ ಇಲ್ಲೆ. ನಿಮ್ಮ ಇಡೀ ಕಟ್ಟಡದಗೆ ಇದೊಂದೇ. ಇದ್ರಗೆ ವ್ಯಾಪಾರಕ್ಕೆ ಕೂಕಂಡವ ಎದ್ದ್ ಹೋಪುದಿಲ್ಲೆ."

ಹೊಳ್ಳರಿಗೆ ಜೀವ ಬಂತು. ಪೆಟ್ಟಿಗೆಯನ್ನು ಎತ್ತಿ ಎಲ್ಲರಿಗೂ ತೋರಿಸಿದರು. "ಕಾಣಿ ಶೆಟ್ರೆ, ಹದಿನೆಂಟ್ ವರ್ಷದ ಸ್ಟುಡಿಯೋ ಇದ್ರಗಿತ್ತ್. ಕೂಕಂಡಲ್ಲೇ ಮೊಬೈಲಗೆ ಎಲ್ಲ ಕಾಂತ್. ಒಂಚೂರ್ ಬೆಚ್ಚ ಇಲ್ಲೆ."

ಶೆಟ್ಟರು ಪೆಟ್ಟಿಗೆ ನೋಡಲಿಲ್ಲ. ಅಳಿಯನ ಕೆಂಪು ಮೂಗು ನೋಡಿದರು. ಅತ್ತೆಯ ಬಿಗಿದ ಬಾಯಿ ನೋಡಿದರು. ಆಮೇಲೆ ಸ್ಟುಡಿಯೋ ಬಾಗಿಲನ್ನು ಮೇಲಿನಿಂದ ಕೆಳಗೆ ನೋಡಿದರು. ಪ್ರಫುಲ್ಲಾ ಗಂಡನ ಮೊಣಕೈಗೆ ಮೆಲ್ಲಗೆ ತಿವಿದರು.

"ಕೀರ್ತನ್," ಎಂದರು ಶೆಟ್ಟರು, "ನೀನ್ ಶೋರೂಮಿಗೆ ಜಾಗ ಹುಡ್ಕ್ತಿದ್ದೆ ಅಲ್ದಾ? ಹೋಳ್ಗಿ ಮಾತ್ ಇಲ್ಲಿಗೇ ಬಿಡುವ. ಈ ರೂಮ್ ನಿಂದ್. ಬಾಡ್ಗಿ ಬ್ಯಾಡ."

ಅತ್ತೆಯ ಬಾಯಿ ಸಡಿಲಾಯಿತು. ಅಳಿಯನ ಮೂಗು ತನ್ನ ಬಣ್ಣಕ್ಕೆ ಬಂತು. ಪ್ರಫುಲ್ಲಾ ಅತ್ತೆಯ ಕೈ ಹಿಡಿದು, ಪಾಯಸ ಆರುತ್ತದೆ ಎಂದು ಮೇಲೆ ಕರೆದುಕೊಂಡು ಹೋದರು.

"ಶೆಟ್ರೆ, ಐದ್ ವರ್ಷ ಅಂದ್ ಹೇಳಿರ್ರಿ," ಎಂದರು ಹೊಳ್ಳರು. "ನಾನ್ ಎಲ್ಲಿಗೆ ಹೋಪುದ್?"

ಶೆಟ್ಟರಿಗೆ ನಿಜವಾಗಿಯೂ ಪಾಪ ಅನಿಸಿತು. ಹೊಳ್ಳರ ಹೆಗಲ ಮೇಲೆ ಕೈಯಿಟ್ಟು, ತಾಮ್ರದ ಪೆಟ್ಟಿಗೆಯನ್ನು ಬೆರಳಿನಿಂದ ಟಣ್ ಎಂದು ತಟ್ಟಿದರು.

"ಅಲ್ಲ ಹೊಳ್ರೆ, ಹದಿನೆಂಟ್ ವರ್ಷದ ಸ್ಟುಡಿಯೋ ಪೂರಾ ಇದ್ರಗಿತ್ತ್ ಅಂಬ್ರಿ. ಮತ್ತೆ ನಿಮ್ಗೆ ರೂಮ್ ಎಂತಕ್ಕೆ? ಒಂದ್ ಚೀಲ ಸಾಕಲೆ."