ನನ್ನ ಕೈರುಚಿಯ ಸುವರ್ಣಯುಗ

ನನ್ನ ಕೈಯಲ್ಲಿ ಅಂಥದೊಂದು ರುಚಿ ಅಡಗಿ ಕುಳಿತಿದೆಯೆಂದು ನನಗೇ ಗೊತ್ತಿರಲಿಲ್ಲ. ಅದು ಹೊರಗೆ ಬರಲು ನನ್ನ ಹೆಂಡತಿಗೆ ಜ್ವರ ಬರಬೇಕಾಯಿತು.

ಜ್ವರವೇನೋ ಬೇಗನೇ ಬಿಟ್ಟಿತು. ಆದರೆ ಹೋಗುವಾಗ ಅವಳ ನಾಲಗೆಯ ರುಚಿಯನ್ನೂ ಗಂಟುಕಟ್ಟಿಕೊಂಡು ಹೋಯಿತು. "ಏನು ತಿಂದ್ರೂ ಕಾಗದ ಅಗಿದಂಗಿದೆ ರೀ" ಎಂದು ತಟ್ಟೆ ಸರಿಸಿಬಿಡುತ್ತಿದ್ದಳು. ಕೈಗಡಿಯಾರ ಮೊಣಕೈವರೆಗೆ ಜಾರುವಷ್ಟು ಸೊರಗಿದಳು. ನನಗೆ ಭಯವಾಯಿತು. ನನ್ನ ಕನ್ನಡಕದ ಅಂಗಡಿಗೆ ಬೀಗ ಹಾಕಿ (ಗಿರಾಕಿಗಳು ಕೆಲವು ದಿನ ಲೋಕವನ್ನು ಮಸುಕಾಗಿಯೇ ನೋಡಿಕೊಳ್ಳಲಿ) ನಾನೇ ಸೌಟು ಹಿಡಿದೆ.

ನಾನು ಮಾಡಿದ್ದನ್ನೆಲ್ಲ ಅವಳು ತಟ್ಟೆ ಸರಿಸದೆ ತಿಂದಳು. "ಹೇಗಿದೆ?" ಎಂದರೆ "ಚೆನ್ನಾಗಿದೆ ರೀ" ಎನ್ನುತ್ತಿದ್ದಳು. ರುಚಿಯೇ ತಿಳಿಯದವಳು ಕೊಟ್ಟ ಬಿರುದೆಂದು ನೀವು ನಗಬಹುದು. ಹೊಗಳಿಕೆ ಕಿವಿಗೆ ಬಿದ್ದವನಿಗೆ ಅಷ್ಟೆಲ್ಲ ಹೊಳೆಯುವುದಿಲ್ಲ.

ಆ ಭಾನುವಾರ ಅಕ್ಕನನ್ನು ನೋಡಲು ನಾದಿನಿ ಬರುವವಳಿದ್ದಳು. ಊಟಕ್ಕೆ ಕಾಳಿನ ಸಾರು ಎಂದು ಘೋಷಿಸಿದೆ.

"ಕಾಳು ನೆನೆಸಿದ್ದೀರಾ?" ಹೆಂಡತಿ ಮಂಚದಿಂದಲೇ ಕೇಳಿದಳು.

"ಅಷ್ಟೂ ಗೊತ್ತಿಲ್ವಾ ನಂಗೆ?"

ನೆನೆಸಬೇಕೆಂದು ನೆನೆಸಿಕೊಂಡಿದ್ದೆ, ಅಷ್ಟೆ.

ಕುಕ್ಕರ್ ಎಷ್ಟು ಕೂಗಿದರೂ ಆ ಕೆಂಪು ಕಾಳುಗಳು ಅಂಗಿಯ ಗುಂಡಿಗಳಂತೆ ಗಟ್ಟಿಯಾಗಿಯೇ ಉಳಿದವು. ಹೆಂಡತಿಯ ಮುಂದೆ ನನ್ನ ಬೇಳೆ ಎಂದೂ ಬೆಂದದ್ದಿಲ್ಲ. ಈಗ ಕಾಳೂ ಕೈಕೊಟ್ಟಿತಲ್ಲ! ಅಡುಗೆ ಸೋಡಾ ಹಾಕಿದರೆ ಬೇಗ ಬೇಯುತ್ತದೆಂದು ಎಲ್ಲೋ ಕೇಳಿದ್ದೆ. ಎಲ್ಲವನ್ನೂ ಅಗಲವಾದ ಪಾತ್ರೆಗೆ ಸುರಿದು, ಸೋಡಾದ ಡಬ್ಬಿ ಕೈಯಲ್ಲಿ ಹಿಡಿದು ಒಲೆಯ ಮುಂದೆ ನಿಂತೆ.

ಹಬೆ ಮೇಲೆದ್ದು ಕನ್ನಡಕಕ್ಕೆ ಮಂಜು ಕವಿಯಿತು. ಒರೆಸಿಕೊಳ್ಳಲು ಮನಸ್ಸಾಗಲಿಲ್ಲ. ಕಿಟಕಿಯ ಬಿಸಿಲು ಹಾಲಿನಂತೆ ಹರಡಿತ್ತು. ಪಾತ್ರೆಗಳೆಲ್ಲ ತಮ್ಮ ಅಂಚುಗಳನ್ನು ಕಳೆದುಕೊಂಡು ಮೆಲ್ಲಗೆ ತೇಲತೊಡಗಿದವು. ಪಕ್ಕದ ಬಾಣಲೆಯಲ್ಲಿ ಈರುಳ್ಳಿ ಹುರಿಯುವ ಸದ್ದು ದೂರದ ಚಪ್ಪಾಳೆಯಂತೆ ಕೇಳಿಸಿತು. ಆ ಬೆಳ್ಳನೆಯ ಮೋಡದೊಳಗೆ ನನ್ನ ಹೆಂಡತಿ, ಕೆನ್ನೆ ತುಂಬಿಕೊಂಡವಳು, ತಟ್ಟೆ ಚಾಚಿ ನಗುತ್ತಿದ್ದಳು. ನಾನು ಬಡಿಸುತ್ತಲೇ ಇದ್ದೆ. (ಕನಸಿನಲ್ಲಿ ಸಾರು, ನಿಜದಲ್ಲಿ ಸೋಡಾ. ಇದು ಆಮೇಲೆ ತಿಳಿದದ್ದು.)

ನಾದಿನಿ ಬಂದಾಗ ಕಾಳು ಕರಗಿ ಸುಣ್ಣದಂತಾಗಿತ್ತು. ಅವಳು ಒಂದು ತುತ್ತು ತಿಂದು ಲೋಟದ ನೀರನ್ನೆಲ್ಲ ಗಟಗಟ ಕುಡಿದಳು.

"ಯಾಕಮ್ಮ, ಸೇರ್ಲಿಲ್ವಾ?"

"ಹಾಗೇನಿಲ್ಲ ಭಾವ, ದಾರೀಲಿ ತಿಂದ್ಕೊಂಡೇ ಬಂದ್ಬಿಟ್ಟೆ. ಹೊಟ್ಟೇಲಿ ಜಾಗಾನೇ ಇಲ್ಲ."

ಹೊಟ್ಟೆಕಿಚ್ಚಿಗೆ ಮಾತ್ರ ಜಾಗವಿದೆ ಎಂದುಕೊಂಡೆ.

ಹೆಂಡತಿ ಕಿಟಕಿಯಾಚೆ ನೋಡುತ್ತಾ ತುತ್ತು ಬಾಯಿಗಿಟ್ಟಳು. ಅಗಿಯುವುದು ತಟ್ಟನೆ ನಿಂತಿತು. ಕಣ್ಣುಗಳು ಅರಳಿ, ತುಂಬಿ ಬಂದವು.

"ರೀ... ನಂಗೆ ರುಚಿ ಗೊತ್ತಾಗ್ತಿದೆ!"

ನಾದಿನಿ ಅಕ್ಕನನ್ನು ತಬ್ಬಿಕೊಂಡಳು. ನಾನು ಸೌಟು ಎತ್ತಿ ಹಿಡಿದೆ.

"ನನ್ನ ಕೈಗುಣ ಅಂದ್ರೆ ಸುಮ್ನೇನಾ! ಹೇಗಿದೆ? ಸಂಕೋಚ ಪಡದೆ ಹೇಳು."

"ಬಟ್ಟೆ ಒಗೆದ ನೀರು ಇದ್ದಂಗಿದೆ."

ಅಷ್ಟಕ್ಕೇ ಬಿಟ್ಟಳೇ? ಸಂಭ್ರಮದಿಂದ ಇನ್ನೊಂದು ತುತ್ತು ತಿಂದಳು. "ಉಪ್ಪೇ ಇಲ್ಲ! ಈರುಳ್ಳಿ ಸೀದಿದೆ! ಅಯ್ಯೋ, ಎಲ್ಲಾ ಗೊತ್ತಾಗ್ತಿದೆ ಕಣೇ!"

"ಇನ್ನೂ ಏನೇನಿದೆ ನೋಡಕ್ಕಾ!" ನಾದಿನಿ ಹುರಿದುಂಬಿಸಿದಳು.

ಒಂದೊಂದು ತಪ್ಪಿಗೂ ಅವಳ ಮುಖಕ್ಕೆ ಒಂದಿಷ್ಟು ಬಣ್ಣ ಮರಳುತ್ತಿತ್ತು. ಇನ್ನೂ ಹತ್ತು ತಪ್ಪು ಮಾಡಿರಬಾರದಿತ್ತೇ ಅನ್ನಿಸಿತು ನನಗೆ. ಅಷ್ಟರಲ್ಲಿ ಅವಳು ನನ್ನ ಕಡೆ ತಿರುಗಿದಳು.

"ಅಂದ್ರೆ, ಇಷ್ಟು ದಿನ ನೀವು ಹಾಕಿದ್ದೂ ಇಂಥದ್ದೇನಾ?"

ನಾನು ಕನ್ನಡಕ ತೆಗೆದು ಒರೆಸತೊಡಗಿದೆ.

ಹಾಸಿಗೆ ಹಿಡಿದಿದ್ದವಳು ಎದ್ದು, ತೋಳೇರಿಸಿ, ಸೀದಾ ಅಡುಗೆಮನೆಗೆ ನಡೆದಳು. ಹಿಂದೆಯೇ ನಾದಿನಿ. ಇಬ್ಬರ ನಗು ಕೇಳಿಸಿತು, ಬೆಳ್ಳುಳ್ಳಿ ಜಜ್ಜುವ ಸದ್ದು ಕೇಳಿಸಿತು. ಬಾಗಿಲಲ್ಲಿ ಇಣುಕಿದೆ. ನಾದಿನಿ ನನ್ನ ಸಾರಿನ ಪಾತ್ರೆಯನ್ನು ಎರಡೂ ಕೈಯಲ್ಲಿ ಎತ್ತಿಕೊಟ್ಟಳು.

"ಭಾವ, ಎಂಜಲು ಪಾತ್ರೆಗಳೆಲ್ಲ ನಿಮ್ಮ ಪಾಲಿಗೆ. ಸೋಪು ಹುಡುಕ್ಬೇಡಿ, ಇದರಲ್ಲೇ ತೊಳೀರಿ."