ಹನ್ನೊಂದನೆಯ ನಿಯಮದ ಮಸುಕು

ನಿಯಮ ಬರೆಯುವ ಭಾಗ್ಯ ಪಡೆದ ಗಂಡಂದಿರಿಗೆ ನನ್ನದೊಂದು ಕಿವಿಮಾತು: ಧಾರಾಳವಾಗಿ ಬರೆಯಿರಿ, ಆದರೆ ಹೆಂಡತಿಯ ಮುಂದೆ ಓದಬೇಡಿ.

ನಾನು ನೀರು ಸರಬರಾಜು ಕಚೇರಿಯಲ್ಲಿ ಹೆಡ್ ಕ್ಲಾರ್ಕು. ನಮ್ಮ ಕಚೇರಿಯಲ್ಲಿ ಹನ್ನೆರಡು ಕ್ಯಾಮೆರಾಗಳಿವೆ. ಮೊದಲೆಲ್ಲ ಕಂಡಕಂಡವರು ಕ್ಯಾಮೆರಾ ಕೋಣೆಗೆ ನುಗ್ಗಿ, ತಮ್ಮ ಊಟದ ಡಬ್ಬಿಗೆ ಕೈ ಹಾಕಿದವರು ಯಾರೆಂದು ನೋಡಿಕೊಂಡು ಬರುತ್ತಿದ್ದರು. ಇದಕ್ಕೆ ಕಡಿವಾಣ ಹಾಕುವ ಕೆಲಸ ನನ್ನ ಪಾಲಿಗೆ ಬಂತು. ಒಂದಲ್ಲ ಎರಡಲ್ಲ, ಹದಿನಾಲ್ಕು ನಿಯಮ ಬರೆದೆ! ಲಿಖಿತ ಅರ್ಜಿ ಬೇಕು, ಉದ್ದೇಶ ತಿಳಿಸಬೇಕು, ಅಧಿಕಾರಿಯ ಎದುರಿಗೇ ನೋಡಬೇಕು, ಜೊತೆಗೆ ಒಬ್ಬರನ್ನು ಕರೆತರಬಹುದು. ಹನ್ನೊಂದನೆಯದಂತೂ ನನ್ನ ಮೇರುಕೃತಿ. ಚಿತ್ರದಲ್ಲಿ ಕಾಣುವ ಇತರರನ್ನು, ಅವರ ಲಿಖಿತ ಒಪ್ಪಿಗೆ ಇಲ್ಲದಿದ್ದರೆ, ಅಡಿಯಿಂದ ಮುಡಿಯವರೆಗೆ ಮಸುಕು ಮಾಡತಕ್ಕದ್ದು! ಅದನ್ನು ಮನೆಯಲ್ಲಿ ಗಟ್ಟಿಯಾಗಿ ಓದಿದಾಗ ನನಗೇ ಮೈ ಜುಮ್ಮೆಂದಿತು. (ಹೆಂಡತಿ ಬಟ್ಟೆ ಮಡಚುತ್ತಿದ್ದಳು. ಅವಳಿಗೆ ಏನೂ ಜುಮ್ಮೆನ್ನಲಿಲ್ಲ.)

ಈಗ ಗಡಿಯಾರದ ವಿಷಯ. ತೀರಿಕೊಂಡ ಮಾವನವರ ಕೈಗಡಿಯಾರವನ್ನು ಅತ್ತೆಯೇ ನನ್ನ ಕೈಗೆ ಕಟ್ಟಿದ್ದರು. ಅವರು ನಮ್ಮ ಮನೆಗೆ ಬಂದಾಗ ಮೊದಲು ನೋಡುವುದು ನನ್ನ ಮಣಿಕಟ್ಟನ್ನು, ಆಮೇಲೆ ಮುಖವನ್ನು. ಭಾನುವಾರ ಅತ್ತೆ ಬರುವವರಿದ್ದರು. ಅದಕ್ಕೂ ಮೊದಲಿನ ಸೋಮವಾರವೇ ಗಡಿಯಾರ ಮಾಯವಾಯಿತು.

ನಿಮ್ಮಲ್ಲಿ ಮುಚ್ಚುಮರೆ ಏಕೆ? ಊಟವಾದ ಮೇಲೆ ಮೇಜಿನ ಮೇಲೆ ಒಂದಿಷ್ಟು ತಲೆ ಇಟ್ಟಿದ್ದೆ. ಕೆನ್ನೆಗೆ ಒತ್ತುತ್ತದೆಂದು ಗಡಿಯಾರ ಬಿಚ್ಚಿಟ್ಟಿದ್ದೆ. ಎದ್ದಾಗ ಇರಲಿಲ್ಲ.

"ರೀ, ವಾಚೆಲ್ಲಿ?" ಅಂದಳು ಹೆಂಡತಿ ಅಂದು ಸಂಜೆ.

"ರಿಪೇರಿಗೆ ಕೊಟ್ಟಿದ್ದೀನಿ."

ಮಂಗಳವಾರ ಕೇಳಿದಾಗ ಅಂಗಡಿಯವನು ಊರಿಗೆ ಹೋಗಿದ್ದ. ಬುಧವಾರ ಅಂಗಡಿಯ ವಿಳಾಸ ಕೇಳಿದಳು. ವಿಧಿಯಿಲ್ಲದೆ ಬಾಯಿಬಿಟ್ಟೆ.

"ಕಳ್ಳತನ ಆಯ್ತು ಕಣೇ. ಫೈಲಲ್ಲಿ ಮುಳುಗಿಹೋಗಿದ್ದೆ. ತಲೆ ಎತ್ತೋಕೂ ಪುರುಸೊತ್ತಿರಲಿಲ್ಲ. ಯಾರೋ ಹಾರಿಸಿಬಿಟ್ರು."

"ನಿಮ್ಮಲ್ಲಿ ಕ್ಯಾಮೆರಾ ಇದೆಯಲ್ಲ? ಅರ್ಜಿ ಹಾಕಿ. ನಾನೂ ಜೊತೆಗೆ ಬರ್ತೀನಿ."

ಲೆಕ್ಕ ಹಾಕಿದೆ. ನನ್ನ ಮೇಜಿನ ಕ್ಯಾಮೆರಾ ಇರುವುದು ಬೆನ್ನ ಹಿಂದೆ. ಹಿಂದಿನಿಂದ ನೋಡಿದರೆ ನಿದ್ದೆಗೂ ನಿಷ್ಠೆಗೂ ವ್ಯತ್ಯಾಸ ಕಾಣದು. ಕಳ್ಳನೂ ಸಿಗುತ್ತಾನೆ, ಮಾನವೂ ಉಳಿಯುತ್ತದೆ.

ಮರುದಿನ ಕ್ಯಾಮೆರಾ ಕೋಣೆಯ ಅಧಿಕಾರಿ ಮೇಡಂ ಕೈ ಚಾಚಿದರು. "ಅರ್ಜಿ?"

"ಅರೆ, ನಿಯಮ ಬರೆದವನೇ ನಾನಲ್ವಾ ಮೇಡಂ!"

"ಬರೆದವರಿಗೆ ವಿನಾಯಿತಿ ಅಂತ ಬರೆದಿಲ್ವಲ್ಲ ಸಾರ್."

ನಾನು ಬೆರಗಾಗಿ ನಿಂತೆ. ನಾನು ಬರೆದ ನಿಯಮ ಕಾಲೂರಿ ನಿಂತು ನನ್ನನ್ನೇ ತಡೆಯುತ್ತಿದೆ! ಹೆಮ್ಮೆಯಿಂದಲೇ ಅರ್ಜಿ ತುಂಬಿದೆ. ಶುಕ್ರವಾರ ಬನ್ನಿ ಎಂದರು.

ಶುಕ್ರವಾರ ನಾವಿಬ್ಬರೂ ಆ ತಣ್ಣನೆಯ ಕೋಣೆಯಲ್ಲಿ ಕುಳಿತೆವು. ಪರದೆಯ ಮೇಲೆ ನಾನು ಮೂಡಿದೆ. ಯಾವ ಪುಣ್ಯಾತ್ಮ ತಿರುಗಿಸಿದ್ದನೋ, ಕ್ಯಾಮೆರಾ ಪಕ್ಕದಿಂದ ನೋಡುತ್ತಿತ್ತು. ಕೆನ್ನೆ ಮೇಜಿಗೆ ಅಂಟಿತ್ತು, ಬಾಯಿ ತೆರೆದಿತ್ತು.

"ಅರ್ಜೀಲಿ ಬರೆದಿದ್ರಲ್ಲ, ಇದು ಫೈಲ್ ನೋಡ್ತಿರೋದಾ ಸಾರ್?"

"ಬಹಳ ಹತ್ತಿರದಿಂದ ನೋಡ್ತಿದ್ದೀನಿ ಮೇಡಂ."

ಅಷ್ಟರಲ್ಲಿ ಬಾಗಿಲಿನಿಂದ ಒಂದು ದೊಡ್ಡ ಮಸುಕು ಒಳಗೆ ಬಂತು. ನನ್ನ ಹನ್ನೊಂದನೆಯ ನಿಯಮ ಕಣ್ಣೆದುರೇ ನಡೆದು ಬರುತ್ತಿತ್ತು!

"ಬಂದ ನೋಡು ಕಳ್ಳ!" ಕುರ್ಚಿಯಿಂದ ಎದ್ದೇಬಿಟ್ಟೆ. "ನಡಿಗೆ ನೋಡು, ಹತ್ತು ಮನೆ ದೋಚಿದ ಅನುಭವ! ಗಾತ್ರ ನೋಡು, ಬಾಗಿಲಲ್ಲಿ ಸಿಕ್ಕಿಕೊಳ್ಳದಿದ್ದದ್ದೇ ಪುಣ್ಯ!"

"ಗಾತ್ರಕ್ಕೇನಾಗಿದೆ?" ಅಂದಳು ಹೆಂಡತಿ.

ಮಸುಕು ಚೀಲ ಕೆಳಗಿಟ್ಟಿತು. ನನ್ನ ಕೆನ್ನೆಯ ಕೆಳಗಿಂದ ಕನ್ನಡಕವನ್ನು ಮೆಲ್ಲಗೆ ಎಳೆದು ಡ್ರಾಯರಿನಲ್ಲಿಟ್ಟಿತು. ಮೊಣಕೈ ತಾಗುವಂತಿದ್ದ ನೀರಿನ ಲೋಟ ಸರಿಸಿತು. ಮೇಜಿನ ಅಂಚಿನಲ್ಲಿ ನೇತಾಡುತ್ತಿದ್ದ ಗಡಿಯಾರ ಎತ್ತಿಕೊಂಡು, ನನ್ನನ್ನೇ ಸ್ವಲ್ಪ ಹೊತ್ತು ನೋಡುತ್ತಾ ನಿಂತು ಹೊರಟುಹೋಯಿತು.

ನಾನು ಮೆಲ್ಲಗೆ ಮತ್ತೆ ಕುರ್ಚಿಯಲ್ಲಿ ಕುಳಿತೆ. "ಇಂಥ ಕಳ್ಳರೂ ಇರ್ತಾರಾ ಮೇಡಂ?"

"ಆ ಮಸುಕು ನಾನೇ," ಎನ್ನುತ್ತಾ ಹೆಂಡತಿ ಚೀಲದಿಂದ ಹಾಳೆ ತೆಗೆದಳು. "ತಗೊಳ್ಳಿ ಮೇಡಂ, ನನ್ನ ಒಪ್ಪಿಗೆ ಪತ್ರ."

ಮೇಡಂ ಗುಂಡಿ ಒತ್ತಿದರು. ಮಸುಕು ಕರಗಿ, ತರಕಾರಿ ಚೀಲದ ಸಮೇತ ನನ್ನ ಧರ್ಮಪತ್ನಿ ಪ್ರತ್ಯಕ್ಷಳಾದಳು.

"ಪೇಟೆಗೆ ಬಂದವಳು ಹಾಗೇ ಇಣುಕಿದ್ದೆ. ನಿದ್ದೆ ಬಂತು, ವಾಚು ಕಳೀತು ಅಂದಿದ್ರೆ ಅವತ್ತೇ ಕೊಡ್ತಿದ್ದೆ. ನಿಜ ಹೇಳ್ತೀರೇನೋ ಅಂತ ನಾಲ್ಕು ದಿನ ಕಾದೆ ಕಣ್ರೀ."

ಪರದೆಯನ್ನೊಮ್ಮೆ, ಅವಳನ್ನೊಮ್ಮೆ ನೋಡಿದೆ. ನಾಚಿಕೆಯೋ ಬೆರಗೋ ತಿಳಿಯಲಿಲ್ಲ. ನಾನು ಎರಡು ತಿಂಗಳು ಕೂತು ಬರೆದ ನಿಯಮಗಳನ್ನು ಇವಳು ಬಟ್ಟೆ ಮಡಚುತ್ತಲೇ ಅರೆದು ಕುಡಿದಿದ್ದಳು.

"ತಪ್ಪಾಯ್ತು ಮಾರಾಯ್ತಿ, ಕೊಟ್ಟುಬಿಡು. ನಾಡಿದ್ದು ಅತ್ತೆ ಬರ್ತಾರೆ."

"ಕೊಡ್ತೀನಿ. ಮೇಡಂ, ಇವರ ನಿಯಮದ ಪ್ರಕಾರ ಚಿತ್ರದಲ್ಲಿರೋರು ಕೇಳಿದ್ರೆ ಒಂದು ನಕಲು ಕೊಡ್ಬೇಕಲ್ವಾ?"

"ಕೊಡ್ತೀವಿ. ಆದ್ರೆ ಸಾರ್ ಒಪ್ಪದಿದ್ರೆ ಅವರನ್ನ ಮಸುಕು ಮಾಡೇ ಕೊಡೋದು."

ಹೋದ ಜೀವ ಬಂದಂತಾಯಿತು. ಹನ್ನೊಂದನೆಯ ನಿಯಮವೇ, ನೀನೇ ಗತಿ! ಅಷ್ಟರಲ್ಲಿ ಹೆಂಡತಿ ಒಂದು ಕೈಯಲ್ಲಿ ಗಡಿಯಾರ, ಇನ್ನೊಂದು ಕೈಯಲ್ಲಿ ನನ್ನ ಹೆಸರಿನ ಒಪ್ಪಿಗೆ ಪತ್ರ ಹಿಡಿದು ನಿಂತಿದ್ದಳು. ಎಲ್ಲ ಕಾಲಂ ತುಂಬಿತ್ತು. ಸಹಿಯೊಂದು ಬಾಕಿ.

ಹಾಕಿದೆ.

ಭಾನುವಾರ ಅತ್ತೆ ಬಂದರು. ನನ್ನ ಮಣಿಕಟ್ಟು ನೋಡಿ ತೃಪ್ತರಾದರು. ಆಮೇಲೆ ಟಿ.ವಿ. ಮುಂದೆ ಕುಳಿತು ನನ್ನನ್ನು ಎರಡು ಸಲ ಮೊದಲಿನಿಂದ ಕೊನೆಯವರೆಗೆ ನೋಡಿದರು.

"ಅಲ್ಲ ಕಣೇ, ಗೊರಕೆ ಕೇಳಿಸ್ತಿಲ್ವಲ್ಲ?"

"ಧ್ವನಿ ಕೊಡೋ ಹಾಗಿಲ್ವಂತಮ್ಮ."

"ಅದಕ್ಕೂ ಒಂದು ಅರ್ಜಿ ಹಾಕು," ಎಂದರು ಅತ್ತೆ.